ಲೋಟದೊಳಗಿನ ಮೊನೆ

ನೆಕ್ಕರೆಕೋಡಿ, ಗುತ್ತಿಗಾರು ದಾರಿ
9 ಅಕ್ಟೋಬರ್ 1966

ಅಣ್ಣ,

ಇವತ್ತು ಬೆಳಗ್ಗೆ ಕಾಫಿ ಲೋಟದೊಳಗೆ ಬೆಳಕಿನ ಗೆರೆಯೊಂದನ್ನು ಕಂಡೆ. ಬಾಗಿಲಿನಿಂದ ಓರೆಯಾಗಿ ಬಿದ್ದ ಬಿಸಿಲು ಹಿತ್ತಾಳೆಯ ಒಳಮೈಗೆ ತಾಗಿ, ಕಾಫಿಯ ಮೇಲೆ ಎರಡು ಬಿಲ್ಲುಗಳಾಗಿ ಮೂಡಿತ್ತು. ವೀಳ್ಯದೆಲೆಯ ಎರಡು ಅಂಚು ತೊಟ್ಟಿನ ಹತ್ತಿರ ಸೇರುತ್ತವಲ್ಲ, ಹಾಗೆ ಆ ಎರಡೂ ಒಂದು ಚೂಪಾದ ಮೊನೆಯಲ್ಲಿ ಸೇರಿದ್ದವು. ಲೋಟ ವಾಲಿಸಿದೆ. ಗೆರೆ ಬಾಗಿತು, ಮೊನೆ ಜಾಗ ಬದಲಿಸಿತು, ಆದರೆ ಹೋಗಲಿಲ್ಲ. ಇದು ನಿನ್ನ ಗಣಿತದಲ್ಲಿ ಬರುವ ಸಂಗತಿಯೇ ಇರಬೇಕು ಎನ್ನಿಸಿತು.

ಹೇಳಬೇಕಾದದ್ದು ಬೇರೆ. ಆ ಲೋಟಕ್ಕೆ ಒಂದು ಕಡೆ ಹೆಬ್ಬೆರಳಿನಷ್ಟು ನೆಗ್ಗು ಬಿದ್ದಿದೆ. ನಿನ್ನೆ ಸಂಜೆ ಭಾವ ಅದನ್ನು ಅಕ್ಕನ ತಲೆಗೆ ಎಸೆದರು. ಕಿವಿಯ ಮೇಲ್ಭಾಗ ಸೀಳಿತು. ನಾನು ಬಿ.ಎ. ಮುಗಿಸಿ ಇಲ್ಲಿಗೆ ಬಂದು ಆರು ತಿಂಗಳಾಯಿತು. ಇದು ಎಷ್ಟನೆಯ ಸಲವೆಂದು ನಾನು ಲೆಕ್ಕ ಬಿಟ್ಟಿದ್ದೇನೆ. ಇಷ್ಟು ದಿನ ನಿನಗೆ 'ಅಕ್ಕ ಮೆಟ್ಟಿಲಲ್ಲಿ ಜಾರಿದಳು' ಎಂದು ಬರೆದದ್ದೆಲ್ಲ ಸುಳ್ಳು.

ಊರಿನಲ್ಲಿ ಯಾರೂ ನಂಬುವುದಿಲ್ಲ. ಮನೆಯ ಜಗಲಿಯಲ್ಲಿ ಊರಿನ ಅಂಚೆಯ ಮೇಜಿನ ಹಿಂದೆ ಪೋಸ್ಟ್‌ಮಾಸ್ಟರರಾಗಿ ಕುಳಿತಾಗ ಭಾವನಷ್ಟು ಮೆತ್ತಗೆ ಮಾತಾಡುವವರಿಲ್ಲ. ಓದು ಬಾರದವರಿಗೆ ಕಾಗದ ಓದಿ ಹೇಳುತ್ತಾರೆ, ಬರೆದೂ ಕೊಡುತ್ತಾರೆ. ಮೂರು ಗಂಟೆಗೆ ಅಂಚೆಚೀಲ ಕಟ್ಟಿ ಮೊಹರು ಒತ್ತುವಾಗ ಅರಗು ಕರಗಿಸಲು ಮೇಣದಬತ್ತಿ ಹಿಡಿಯುವವಳು ನಾನು. ಊರುಗೌಡರು ಚನಿಯಪ್ಪನವರಲ್ಲಿ ಅಕ್ಕ ಒಮ್ಮೆ ಹೇಳಿಕೊಂಡಳಂತೆ. "ತವರಿನ ಗಂಡಸು ಬಂದು ಎಲೆ ತಟ್ಟೆ ಇಟ್ಟು ಕೇಳ್ಲಿ, ಮತ್ತೆ ನೋಡುವ. ಅಲ್ಲಿವರೆಗೆ ಸ್ವಲ್ಪ ಹೊಂದಿಕೊಂಡು ಹೋಗು ಮಗಾ," ಎಂದರಂತೆ. ಗಂಡಸು ಹೀಗೆ ವೀಳ್ಯ ಇಟ್ಟು ನ್ಯಾಯ ಕೇಳದೆ ಹೆಣ್ಣು ಹೊಸ್ತಿಲು ದಾಟಿದರೆ ಅವಳು ಓಡಿಹೋದವಳು. ಅಪ್ಪ ಅಮ್ಮ ಇಲ್ಲದ ಮೇಲೆ ತವರಿನ ಗಂಡಸೆಂದರೆ ನೀನೊಬ್ಬ. ನೀನು ಬರಬೇಕು.

ಈ ಕಾಗದವನ್ನು ಇಲ್ಲಿಯ ಅಂಚೆಗೆ ಹಾಕುವ ಹಾಗಿಲ್ಲ. ಬೆಳ್ಳಾರೆಯಲ್ಲಿ ಅಂಗಡಿ ಇಟ್ಟಿರುವ ಪೋಕರ್ ಬ್ಯಾರಿಗಳು ಒಣಮೀನು ಮಾರಲು ಬಂದಿದ್ದಾರೆ. ನಾಳೆ ಪುತ್ತೂರಿನ ಸೋಮವಾರದ ಸಂತೆಗೆ ಹೋಗುವಾಗ ಅಲ್ಲಿಯೇ ಡಬ್ಬಿಗೆ ಹಾಕುತ್ತೇನೆಂದರು. ಇನ್ನು ಮುಂದೆ ನಾನು ಇಲ್ಲಿಂದ ಬರೆದರೆ ಭಾವನನ್ನು 'ಆನೆ' ಎಂದು, ಅಕ್ಕನನ್ನು 'ಬಾಳೆ' ಎಂದು ಬರೆಯುತ್ತೇನೆ. ನೀನು ಅರ್ಥಮಾಡಿಕೋ.

ನೀಲಾ


ಮುಂಬಯಿ
2 ನವೆಂಬರ್ 1966

ನೀಲಾ,

ಎರಡು ತಿಂಗಳಿನಿಂದ ನಿನ್ನ ಒಂದು ಸಾಲೂ ಇಲ್ಲ. ಅಂಚೆ ಮನೆಯೊಳಗೇ ಇರುವವರಿಗೆ ಕಾಗದ ಬರೆಯಲು ಇಷ್ಟು ಸೋಮಾರಿತನವೇ?

ನನ್ನ ಕೆಲಸವೇನೆಂದು ನೀನು ಹೋದ ಸಲ ಕೇಳಿದ್ದೆ. ಒಂದು ಬಟ್ಟೆಯನ್ನು ಮೇಜಿನ ಮೇಲೆ ಒತ್ತಿ ಹಾಸು. ಬಟ್ಟೆಯ ಪ್ರತಿ ಬಿಂದುವೂ ಮೇಜಿನ ಒಂದು ಬಿಂದುವಿನ ಮೇಲೆ ಕೂರುತ್ತದೆ. ಇದನ್ನು ನಾವು ಚಿತ್ರಣ ಎನ್ನುತ್ತೇವೆ. ಬಟ್ಟೆ ಹಿಂದಕ್ಕೆ ತಿರುಗಿದಲ್ಲಿ ಮಡಿಕೆ. ಎರಡು ಮಡಿಕೆಗಳು ಸೇರಿ ಮುಗಿಯುವಲ್ಲಿ ಮೊನೆ. ಹನ್ನೊಂದು ವರ್ಷದ ಹಿಂದೆ ಅಮೆರಿಕದ ಒಬ್ಬರು ತೋರಿಸಿಕೊಟ್ಟದ್ದು ಇಷ್ಟು: ಬೇರೆ ಎಲ್ಲ ವಿಚಿತ್ರ ಸುಕ್ಕುಗಳೂ ಬೆರಳು ತಾಗಿದರೆ ಒಡೆದುಹೋಗುತ್ತವೆ, ಉಳಿಯುವುದು ಈ ಎರಡೇ. ಹೆಚ್ಚು ಆಯಾಮಗಳಲ್ಲಿ ಏನಾಗುತ್ತದೆ ಎಂಬುದು ನಮ್ಮೆಲ್ಲರ ತಲೆನೋವು.

ಅಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ. ನಿನ್ನನ್ನು ಇಟ್ಟುಕೊಂಡದ್ದಕ್ಕೆ ಭಾವನ ಋಣ ದೊಡ್ಡದು.

ಅಚ್ಚುತ


ನೆಕ್ಕರೆಕೋಡಿ
14 ನವೆಂಬರ್ 1966

ಅಣ್ಣ,

ನಿನ್ನ ಕಾಗದ ಬಂತು. ಏನೂ ಗೊತ್ತಿಲ್ಲದವನ ಹಾಗೆ ಬರೆದ ನಿನ್ನ ಜಾಣತನ ಕಂಡು ಧೈರ್ಯ ಬಂತು. ನಾನೂ ಹಾಗೆಯೇ ಬರೆಯುತ್ತೇನೆ.

ಇಲ್ಲಿ ಒಂಟಿ ಆನೆಯ ಉಪದ್ರ ಹೆಚ್ಚಾಗಿದೆ. ಗುರುವಾರ ಮಧ್ಯಾಹ್ನ ಅಡುಗೆಮನೆಯ ಬದಿಗೇ ಬಂತು. ಬಾಳೆಯನ್ನು ಬುಡದ ಹತ್ತಿರ ಹಿಡಿದು ಗೋಡೆಗೆ ಅಪ್ಪಳಿಸಿತು, ಬಿದ್ದ ಮೇಲೆ ಕಾಲಿನಿಂದ ಒತ್ತಿತು. ಪಕ್ಕದಲ್ಲಿ ಎರಡು ಕಡೆ ಮುರಿದಿದೆ ಎಂದು ಕಾಣುತ್ತದೆ. ಅರಸಿನ ಹಚ್ಚಿ ಹಳೆಯ ಸೀರೆ ಹರಿದು ಬಿಗಿಯಾಗಿ ಕಟ್ಟಿದ್ದೇನೆ. ಉಸಿರೆಳೆಯುವುದು ಕಷ್ಟ.

ಅದು ಯಾವಾಗ ಏಳುತ್ತದೆಂದು ನೋಡಿಟ್ಟುಕೊಂಡಿದ್ದೇನೆ. ಎರಡು ಸಂಗತಿಗಳಿವೆ. ಹಗಲಿನಲ್ಲಿ ಹೊರಗಿನವರು ಯಾರಾದರೂ ಅದನ್ನು ಎಷ್ಟು ಗದರಿಸಿದರು ಎಂಬುದು ಒಂದು. ಸಂಜೆ ಮನೆಯೊಳಗಿನಿಂದ ಎಷ್ಟು ಸದ್ದು ಬಂತು ಎಂಬುದು ಇನ್ನೊಂದು. ಯಾರೂ ಗದರಿಸದ ದಿನ ಪಾತ್ರೆ ಬಿದ್ದರೂ ಅದು ಕಿವಿ ಅಲ್ಲಾಡಿಸಿ ಸುಮ್ಮನಿರುತ್ತದೆ. ಗದರಿಸಿಕೊಂಡ ದಿನ ಮಾತ್ರ, ಸದ್ದು ನಿಧಾನವಾಗಿ ಏರುತ್ತ ಹೋದರೆ ಎಲ್ಲೋ ಒಂದು ಕಡೆ ಒಮ್ಮೆಲೇ ಎದ್ದು ಬರುತ್ತದೆ. ಎದ್ದ ಮೇಲೆ ನಾವು ಸುಮ್ಮನಾದರೂ ಅದು ಸುಮ್ಮನಾಗುವುದಿಲ್ಲ. ಯಾವ ಸದ್ದಿಗೆ ಎದ್ದಿತೋ ಅದಕ್ಕಿಂತ ಎಷ್ಟೋ ಕೆಳಗೆ, ಉಸಿರೂ ಕೇಳಿಸದಷ್ಟು ಕೆಳಗೆ ಇಳಿದ ಮೇಲೆ, ಅಷ್ಟೇ ಒಮ್ಮೆಲೇ ಹಿಂದಿರುಗುತ್ತದೆ. ಮರುದಿನ ಅದು ಅದೇ ಆನೆ ಎಂದು ಹೇಳಲು ಆಗುವುದಿಲ್ಲ.

ಕಾಫಿ ಲೋಟದ ಬೆಳಕಿನ ಮೊನೆ ಈಗಲೂ ಕಾಣುತ್ತದೆ. ನೆಗ್ಗಿದರೂ ಹೋಗಿಲ್ಲ. ನೀನು ಯಾವಾಗ ಬರುತ್ತೀ?

ನೀಲಾ


ಮುಂಬಯಿ
5 ಡಿಸೆಂಬರ್ 1966

ನೀಲಾ,

ನಿನ್ನ ಆನೆಯ ಕಾಗದವನ್ನು ನಾಲ್ಕು ಸಲ ಓದಿದೆ. ಕನ್ನಡ ಸಾಹಿತ್ಯ ಓದಿದವಳು ಇಷ್ಟು ಚೆನ್ನಾಗಿ ನೋಡುತ್ತಾಳೆಂದು ನನಗೆ ಗೊತ್ತಿರಲಿಲ್ಲ!

ನೀನು ಬರೆದದ್ದು ಮೊನೆಯ ಚಿತ್ರ, ಅಕ್ಷರಶಃ. ಗದರಿಕೆ ಮತ್ತು ಸದ್ದು ಮೇಜಿನ ಎರಡು ದಿಕ್ಕುಗಳು. ಆನೆಯ ಮನಸ್ಥಿತಿ ಮೇಲಿನ ಬಟ್ಟೆ. ಗದರಿಕೆ ಕಡಿಮೆ ಇರುವ ಕಡೆ ಬಟ್ಟೆ ಒಂದೇ ಪದರ. ಹೆಚ್ಚಿದ ಹಾಗೆ ಮಡಿಕೆ ಬೀಳುತ್ತದೆ, ಶಾಂತಿ ಮತ್ತು ರೋಷ ಎರಡೂ ಒಂದೇ ಜಾಗದ ಮೇಲೆ ಇರುತ್ತವೆ. ಎಲ್ಲಿಂದ ಬಂದಿತು ಎಂಬುದರ ಮೇಲೆ ಯಾವ ಪದರದಲ್ಲಿದೆ ಎಂಬುದು ನಿಂತಿದೆ. ಪದರದ ಅಂಚು ಮುಗಿದಲ್ಲಿ ಬೀಳಲೇಬೇಕು. ಹಿಂದಕ್ಕೆ ಹಾರುವ ಅಂಚು ಬೇರೆಯೇ ಕಡೆ ಇದೆ. ಕಾಫಿಯ ಬೆಳಕೂ ಇದೇ ಕುಟುಂಬದ್ದು.

ಚೌಕುಳಿ ಕಾಗದ ಕಳಿಸಿದ್ದೇನೆ. ದಿನ ದಿನದ ಚುಕ್ಕಿ ಹಾಕಿ ಕಳಿಸು. ಅಂದ ಹಾಗೆ ಬಾಳೆಗೆ ಅರಸಿನ ಹಚ್ಚಿ ಸೀರೆ ಕಟ್ಟಿದವರನ್ನು ನಾನು ಇದೇ ಮೊದಲು ಕೇಳಿದ್ದು. ಒಂದು ಬಾಳೆ ಹೋದರೆ ಹೋಗಲಿ, ಬುಡದಲ್ಲಿ ಹೊಸ ಕಂದು ಮೊಳೆಯುತ್ತದೆ.

ನೀವು ಹೆದರುವುದೇಕೆ? ಭಾವನ ಹತ್ತಿರ ಬಂದೂಕು ಉಂಟಲ್ಲ. ಅವರಿಗೆ ಹೇಳು. ಒಂದು ಗುಂಡು ಸಾಕು.

ಬೇಸಗೆಯವರೆಗೆ ನನಗೆ ಬರಲಾಗದು. ಪ್ರಬಂಧ ಮುಗಿಯಬೇಕು.

ಅಚ್ಚುತ


ನೆಕ್ಕರೆಕೋಡಿ
20 ಡಿಸೆಂಬರ್ 1966

ಅಣ್ಣನಿಗೆ,

ನಾವೆಲ್ಲ ಕ್ಷೇಮ. ಆನೆ ಈಗ ಬರುವುದಿಲ್ಲ. ನಿನ್ನ ಕಾಗದವನ್ನು ಭಾವ ಜಗಲಿಯಲ್ಲಿ ಎಲ್ಲರಿಗೂ ಓದಿ ಹೇಳಿದರು, ಎಲ್ಲರೂ ನಕ್ಕರು. ಬಂದೂಕಿಗೆ ಎಣ್ಣೆ ಹಾಕಿ ಒರೆಸಿ ಮೇಜಿನ ಮೇಲೆ ಇಟ್ಟಿದ್ದಾರೆ. ಭಾವ ಈಗ ನನ್ನ ಪಕ್ಕದಲ್ಲಿಯೇ ಕುಳಿತಿದ್ದಾರೆ. ಅಕ್ಷರ ದುಂಡಗಿರಲಿ ಎನ್ನುತ್ತಿದ್ದಾರೆ. ಕಾರ್ಡಿನಲ್ಲಿ ಜಾಗ ಇಲ್ಲ.

ನೀಲಾವತಿ


ಮುಂಬಯಿ
30 ಜನವರಿ 1967

ನೀಲಾ,

ಕಾರ್ಡು ಸಿಕ್ಕಿತು. ಆನೆ ಹೋಯಿತೆಂದು ಕೇಳಿ ಸಮಾಧಾನ; ಚುಕ್ಕಿಗಳು ಸಿಗಲಿಲ್ಲವೆಂದು ಸ್ವಲ್ಪ ಬೇಸರ.

ಹೋದ ಮಂಗಳವಾರ ಇಲ್ಲಿಯ ಸಭೆಯಲ್ಲಿ ನಿನ್ನ ಆನೆಯನ್ನೇ ಉದಾಹರಣೆಯಾಗಿ ಹೇಳಿದೆ. ಪ್ಯಾರಿಸಿನಿಂದ ಬಂದ ಹಿರಿಯರೊಬ್ಬರು ಎದ್ದು ಬಂದು ಕೈ ಕುಲುಕಿದರು. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗುವ ಮಾತು ನಡೆಯುತ್ತಿದೆ. ನಿನ್ನ ಕಣ್ಣಿನ ಉಪಕಾರ ಇದು.

ನನ್ನ ಪ್ರಬಂಧದ ತಿರುಳನ್ನು ನಿನಗೆ ಒಂದೇ ಸಾಲಿನಲ್ಲಿ ಹೇಳುತ್ತೇನೆ. ಒಂದು ಚಿತ್ರಣವನ್ನು ತುಸು ಅಲುಗಿಸು. ಹೊಸದನ್ನು, ಎಲ್ಲಿಯೂ ಹರಿಯದೆ, ಎಲ್ಲಿಯೂ ಅಂಟಿಸದೆ, ಎಳೆದು ಜಗ್ಗಿ ಹಳೆಯದರ ಮೇಲೆ ಕೂರಿಸಲು ಬರುವುದಾದರೆ ಆ ಚಿತ್ರಣ ಸ್ಥಿರ. ನುಣುಪು ಹಾಳಾದರೂ ಅಡ್ಡಿಯಿಲ್ಲ. ಆಕಾರ ಉಳಿದರೆ ಸಾಕು. ಲೋಟ ನೆಗ್ಗಿದರೂ ಮೊನೆ ಹೋಗಿಲ್ಲ ಎಂದೆಯಲ್ಲ, ಕಾರಣ ಇಷ್ಟೇ.

ಅಕ್ಕ ಏಕೆ ಒಂದು ಸಾಲೂ ಬರೆಯುವುದಿಲ್ಲ?

ಅಚ್ಚುತ


ಮುಂಬಯಿ
18 ಫೆಬ್ರವರಿ 1967

ನೀಲಾ,

ಇದನ್ನು ಬೆಳ್ಳಾರೆಯ ಪೋಕರ್ ಅವರ ಅಂಗಡಿಯ ವಿಳಾಸಕ್ಕೆ ಕಳಿಸುತ್ತಿದ್ದೇನೆ.

ನಿನ್ನೆ ಒಂದು ದಪ್ಪ ಲಕೋಟೆ ಬಂತು. ಹಿಂಬದಿಯಲ್ಲಿ ಕೆಂಪು ಅರಗಿನ ಮೊಹರು. ಒಳಗೆ ಅಕ್ಟೋಬರ್ ಒಂಬತ್ತರ ನಿನ್ನ ಕಾಗದ. ಅದಕ್ಕೆ ಪುತ್ತೂರಿನ ಮುದ್ರೆ ಇಲ್ಲ. ನೆಕ್ಕರೆಕೋಡಿಯ ಮುದ್ರೆ ಇದೆ, ಅಕ್ಟೋಬರ್ ಮೂವತ್ತೊಂದರದ್ದು. ಜೊತೆಗೆ ಭಾವನ ಕೈಬರಹದ ಒಂದು ಚೀಟಿ: 'ಪ್ರೊಫೆಸರರಿಗೆ, ಆನೆಯ ಬಗ್ಗೆ ಬರೆದ ಮೊದಲನೆಯ ಕಾಗದ ಇದು. ಕೊಡುವುದು ತಡವಾಯಿತು. ಗುಂಡು ಹೊಡೆಯಲಿಕ್ಕೆ ನೀವೇ ಬನ್ನಿ. ಗುರುವಪ್ಪ.'

ಅಂದರೆ ನೀನು ಆನೆಯೆಂದು ಬರೆದಾಗಲೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ. 'ಒಂದು ಬಾಳೆ ಹೋದರೆ ಹೋಗಲಿ' ಎಂದು ಬರೆದವನು ನಾನು.

ಪೂರ್ತಿ ಗೊತ್ತಿಲ್ಲದವನೆಂದರೂ ಸುಳ್ಳು. ಮೂರು ವರ್ಷದ ಹಿಂದೆ ನಾನು ಅಲ್ಲಿಗೆ ಬಂದಾಗ ಅಕ್ಕನ ಕೈ ಜೋಲಿಯಲ್ಲಿತ್ತು. ಜಾರಿದೆ ಎಂದಳು. ಭಾವನ ಮುಖ ನೋಡಿದೆ. ಮರುದಿನ ಅವರು ನನ್ನನ್ನು ಬೇಟೆಗೆಂದು ಗುಡ್ಡಕ್ಕೆ ಕರೆದೊಯ್ದರು. ಬಂದೂಕಿನ ನಳಿಗೆಯನ್ನು ನನ್ನ ಹೆಗಲ ಮೇಲಿಟ್ಟು, ಕಿವಿಯ ಪಕ್ಕದಲ್ಲಿಯೇ, ಒಂದು ಮಂಗಟ್ಟೆ ಹಕ್ಕಿಗೆ ಗುಂಡು ಹೊಡೆದರು. ಮೂರು ದಿನ ನನಗೆ ಆ ಕಿವಿ ಕೇಳಲಿಲ್ಲ. "ಹೆದರಿದ್ದಾ ಮಾರಾಯ?" ಎಂದು ಬೆನ್ನು ತಟ್ಟಿ ನಕ್ಕರು. ಅಂದಿನಿಂದ ನಾನು ಬರಲಿಲ್ಲ. ಪ್ರಬಂಧ ಒಂದು ನೆಪ.

ಮೇ ಎರಡನೆಯ ವಾರ ಖಂಡಿತ ಬರುತ್ತೇನೆ. ಚನಿಯಪ್ಪನವರ ಎದುರು ಕೂರುತ್ತೇನೆ. ಅಲ್ಲಿಯವರೆಗೆ ಸದ್ದು ಆಗದ ಹಾಗೆ ನೋಡಿಕೊಳ್ಳಿ. ಹೊರಗಿನವರು ಗದರಿಸಿದ ದಿನ ಅಕ್ಕ ಎದುರಿಗೆ ಬಾರದಿರಲಿ. ಸ್ವಲ್ಪ ಆಚೆ ಈಚೆ ಮಾಡಿಕೊಂಡರೆ ಆದೀತು.

ಅಚ್ಚುತ


ಬೆಳ್ಳಾರೆ
1 ಮಾರ್ಚ್ 1967

ಅಣ್ಣ,

ಇವತ್ತು ಬೆಳಗ್ಗೆ ಪೋಕರ್ ಬ್ಯಾರಿಗಳ ಹೆಂಡತಿ ಆಸಿಯಮ್ಮ ಗಾಜಿನ ಲೋಟದಲ್ಲಿ ಚಾ ಕೊಟ್ಟರು. ಬಿಸಿಲು ಬಿದ್ದ ಕಡೆ ಅದೇ ಮೊನೆ. ಲೋಟ ಬೇರೆ, ಮನೆ ಬೇರೆ, ಕುಡಿಯುವುದೂ ಬೇರೆ. ನಾನು ಬೆರಳಿನಿಂದ ಕಲಕಿದೆ. ಚಾ ನಿಂತ ಕೂಡಲೇ ಮತ್ತೆ ಬಂತು.

ನಾವು ಅವರ ಮನೆಯಲ್ಲಿದ್ದೇವೆ. ಅಕ್ಕನ ಕೈಯ ಗಾಯ ಕೀವಾಗಿ ನಾರುತ್ತಿತ್ತು, ಡಾಕ್ಟರಿಗೆ ತೋರಿಸಿ ಸಂಜೆಯೊಳಗೆ ಬನ್ನಿ ಎಂದು ಭಾವ ಕಳಿಸಿದರು. ಕುದಿಯುವ ಗಂಜಿ ಬಿತ್ತು ಎಂದು ಹೇಳಬೇಕಂತೆ. ನಿನ್ನ ಕಾಗದ ಇಲ್ಲಿ ಕಾದಿತ್ತು.

ಪೋಕರ್ ಬ್ಯಾರಿಗಳು ನನ್ನ ಮುಖ ನೋಡುವುದಿಲ್ಲ. ಅಕ್ಟೋಬರಿನಲ್ಲಿ ಸಂತೆಗೆ ಹೊರಡುವ ಮೊದಲೇ ಜ್ವರ ಬಂದು ಇಪ್ಪತ್ತು ದಿನ ಮಲಗಿದರಂತೆ. ಎದ್ದ ಮೇಲೆ ಅಂಗಿಯ ಕಿಸೆಯಲ್ಲಿ ಕಾಗದ ಸಿಕ್ಕಿತು. "ತಡ ಆದದ್ದು ನನ್ನ ತಪ್ಪು, ಇನ್ನೂ ತಡ ಮಾಡ್ಲಿಕ್ಕಿಲ್ಲ ಅಂತ ಆಯ್ತು," ಎಂದರು. "ಅಂಚೆಯವರ ಮನೆಯದ್ದೇ ಕಾಗದ ಅಲ್ವಾ ತಂಗೀ? ಅವರ ಕೈಗೇ ಕೊಟ್ಟೆ. ಅವರಿಗಿಂತ ಜಾಗ್ರತೆಯ ಕೈ ಯಾವುದುಂಟು?" ಒಳಗಿನಿಂದ ಆಸಿಯಮ್ಮ, "ಬುದ್ಧಿ ಮಾತ್ರ ಜ್ವರದಲ್ಲೇ ಹೋದದ್ದು," ಎಂದರು. ನಾನು ಅವರನ್ನು ಬೈಯಲಿಲ್ಲ. ಇಡೀ ಊರು ನಂಬಿದ್ದನ್ನೇ ಅವರೂ ನಂಬಿದರು.

ನಿನಗೆ ಬಂದ ಲಕೋಟೆಯ ಹಿಂದೆ ಅರಗಿನ ಮೊಹರು ಇತ್ತು ಎಂದು ಬರೆದಿದ್ದೀ. ಅದನ್ನು ಒತ್ತಿದ ದಿನ ಫೆಬ್ರವರಿ ಹನ್ನೊಂದು, ಶನಿವಾರ. ನಿನ್ನ ಸಭೆಯ ಕಾಗದವನ್ನು ಭಾವ ಆಗಷ್ಟೇ ಓದಿ ಮುಗಿಸಿದ್ದರು. ಚೀಲ ಕಟ್ಟುವ ಹೊತ್ತು. ನಾನು ಎಂದಿನಂತೆ ಮೇಣದಬತ್ತಿ ಹಿಡಿದು ನಿಂತಿದ್ದೆ. ಅವರು ಕಪಾಟಿನಿಂದ ನನ್ನ ಹಳೆಯ ಕಾಗದ ತೆಗೆದು, ಚೀಟಿ ಬರೆದು, ಲಕೋಟೆಗೆ ಹಾಕಿದರು. ಅಕ್ಕ ಬಾಗಿಲಲ್ಲಿದ್ದಳು. ನನ್ನ ಅಕ್ಷರ ಗುರುತು ಹಿಡಿದು ಒಂದೇ ಹೆಜ್ಜೆಗೆ ಬಂದು ಲಕೋಟೆಗೆ ಕೈ ಹಾಕಿದಳು. ಅದು ನಿನಗೆ ಸಿಕ್ಕಿದರೆ ನೀನು ಹೆದರಿ ಇನ್ನು ಬರುವುದೇ ಇಲ್ಲವೆಂದು ಅವಳಿಗೆ ಅನ್ನಿಸಿತಂತೆ.

ಭಾವ ಧ್ವನಿ ಏರಿಸಲಿಲ್ಲ. "ಸರಕಾರದ ಕಾಗದಕ್ಕೆ ಕೈ ಹಾಕುದಾ ನೀನು?" ಎಂದರು. ಮೊದಲು ಲಕೋಟೆಗೆ ಅರಗು ಸುರಿದು ಮೊಹರು ಒತ್ತಿದರು. ಮತ್ತೆ ಅಕ್ಕನ ಮುಂಗೈಯನ್ನು ಮೇಜಿನ ಮೇಲೆ ಮಲಗಿಸಿ, ಮಣಿಕಟ್ಟನ್ನು ಮೊಣಕೈಯಿಂದ ಒತ್ತಿ ಹಿಡಿದು, ಅರಗಿನ ಕಡ್ಡಿಯನ್ನು ನನ್ನ ಬತ್ತಿಯ ಮೇಲೆ ಹಿಡಿದರು. ಹನಿ ಒಂದೊಂದಾಗಿ ಬಿತ್ತು. ಅಕ್ಕ ಕೂಗಲಿಲ್ಲ. ಸದ್ದು ಮಾಡಬಾರದು ಎಂದು ನಾವು ಅಷ್ಟು ಚೆನ್ನಾಗಿ ಕಲಿತಿದ್ದೆವು. ಕಾಲಿನ ಬೆರಳುಗಳು ಮಾತ್ರ ನೆಲವನ್ನು ಕೆರೆಯುತ್ತಿದ್ದವು. ಸಾಕಷ್ಟು ಅರಗು ಬಿದ್ದ ಮೇಲೆ ಮೊಹರನ್ನು ಬತ್ತಿಯಲ್ಲಿ ಕಾಯಿಸಿ ಇಟ್ಟು ಮೇಲಿನಿಂದ ಮೈಭಾರ ಹಾಕಿದರು. ಚರ್ಮ ಸುಟ್ಟ ವಾಸನೆ ಬಂತು. ಮತ್ತೆ ಅವರು ಚೀಲ ಕಟ್ಟಿದರು. ಬಸ್ಸಿನವನೊಡನೆ ಯಕ್ಷಗಾನದ ಮಾತಾಡಿ ನಕ್ಕರು.

ಬತ್ತಿ ಹಿಡಿದವಳು ನಾನು. ಊದಿದ್ದರೆ ಆರುತ್ತಿತ್ತು. ನಾನು ಊದಲಿಲ್ಲ. ನೀನು ಹೆಗಲ ಮೇಲಿನ ನಳಿಗೆಯ ವಿಷಯ ಬರೆದಿರದಿದ್ದರೆ ಇದನ್ನು ನಿನಗೂ ಬರೆಯುತ್ತಿರಲಿಲ್ಲ. ನಾವಿಬ್ಬರೂ ಒಂದೇ ಹಾಗೆ, ಚೆನ್ನಾಗಿ ನೋಡುತ್ತೇವೆ.

ಅಣ್ಣ, ನೀನು ಹೇಳಿದ 'ಆಚೆ ಈಚೆ' ಎಲ್ಲವನ್ನೂ ನಾವು ಮಾಡಿ ಮುಗಿಸಿದ್ದೇವೆ. ಊಟದ ಹೊತ್ತು ಬದಲಿಸಿದೆವು, ಪಾತ್ರೆ ತೊಳೆಯುವ ಜಾಗ ಬದಲಿಸಿದೆವು, ಅಕ್ಕ ಬಳೆ ತೆಗೆದಿಟ್ಟಳು. ಒಂದು ವಾರ ಇಲ್ಲದಿದ್ದರೆ ಇನ್ನೊಂದು ವಾರ, ಒಲೆಯ ಹತ್ತಿರ ಅಲ್ಲದಿದ್ದರೆ ಬಾವಿಯ ಹತ್ತಿರ, ಮೊನೆ ಬಂದೇ ಬಂತು. ನಿನ್ನ ಸೂತ್ರ ಸರಿಯಾಗಿಯೇ ಇದೆ. ನೀನು ಮೇ ತಿಂಗಳಲ್ಲಿ ಬಂದು ಎಲೆ ತಟ್ಟೆ ಇಟ್ಟರೆ ಚನಿಯಪ್ಪನವರು ಭಾವನಿಗೆ ಎರಡು ಮಾತು ಹೇಳುತ್ತಾರೆ. ಅದೇ ಹೊರಗಿನವರ ಗದರಿಕೆ. ಅದರ ಮರುದಿನ ಏನಾಗುತ್ತದೆಂದು ನಾನು ಚೌಕುಳಿ ಕಾಗದದಲ್ಲಿ ಬರೆದಿಟ್ಟಿದ್ದೇನೆ.

ಡಾಕ್ಟರರು ಪಟ್ಟಿ ಬಿಚ್ಚಿ ತೊಳೆದರು. ಅರಗು ಕಿತ್ತುಬಂದ ಕಡೆ, ಬೆಳಕಿಗೆ ಹಿಡಿದಾಗ, ದುಂಡಗಿನ ಅಂಚು ಮತ್ತು ಅದರೊಳಗೆ ಅಕ್ಷರಗಳು. ಊರಿನ ಹೆಸರು ಪೂರ್ತಿ ಓದಲು ಬರುತ್ತದೆ. ಅವರು ಅದನ್ನು ಓದಿ, "ಇದು ಯಾವ ಗಂಜಿಯಮ್ಮಾ?" ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ನಡೆದದ್ದನ್ನು ಹೇಳಿದೆ. ಅಷ್ಟು ಮಾತನ್ನು ಒಟ್ಟಿಗೆ ಹೊರಗಿನವರೊಡನೆ ನಾನು ಆಡಿದ್ದು ಇದೇ ಮೊದಲು. ಅವರು ಕಂಡದ್ದನ್ನು ಕಂಡ ಹಾಗೆ ಬರೆದು ಸಹಿ ಹಾಕಿ ಕೊಟ್ಟಿದ್ದಾರೆ.

ಹೆಂಡತಿಯ ಮೈಮೇಲಿನ ಗಾಯವನ್ನು ಕೇಳುವವರು ಈ ಊರಿನಲ್ಲಿ ಇಲ್ಲ. ಆದರೆ ಆ ಮೊಹರು ಭಾವನದ್ದಲ್ಲ. ಅದು ಸರಕಾರದ್ದು, ಅವರೊಬ್ಬರ ಬೀಗದೊಳಗೆ ಇರುವಂಥದು. ಅದು ಎಲ್ಲಿ ಬಿತ್ತು, ಒಂದು ಕಾಗದ ಮೂರು ತಿಂಗಳು ಯಾರ ಕಪಾಟಿನಲ್ಲಿತ್ತು ಎಂದು ಕೇಳುವವರು ಪುತ್ತೂರಿನಲ್ಲಿದ್ದಾರೆ, ಅಂಚೆ ಇನ್‌ಸ್ಪೆಕ್ಟರರು. ನಿನಗೆ ಬಂದ ಲಕೋಟೆ, ಚೀಟಿ, ನನ್ನ ಕಾಗದ ಮೂರನ್ನೂ ಅವರ ಹೆಸರಿಗೆ ರಿಜಿಸ್ಟರ್ ಮಾಡಿ ಕಳಿಸು. ನಿನ್ನಿಂದ ಆಗಬೇಕಾದದ್ದು ಅಷ್ಟೇ. ಅದಕ್ಕೆ ಬಂದೂಕಿನ ಎದುರು ನಿಲ್ಲಬೇಕಾಗಿಲ್ಲ.

'ಎಲ್ಲಿಯೂ ಹರಿಯದೆ' ಎಂದು ನೀನು ಬರೆದ ಸಾಲಿನ ಹತ್ತಿರ ನಾನು ತುಂಬ ದಿನ ನಿಂತಿದ್ದೆ. ಹರಿಯದೆ ಏನು ಮಾಡಿದರೂ ಆಕಾರ ಅದೇ ಉಳಿಯುತ್ತದೆ.

ನಮ್ಮನ್ನು ಮನೆಗೆ ಮುಟ್ಟಿಸುವ ಗುತ್ತಿಗಾರಿನ ಬಸ್ಸು ಅಂಗಡಿಯ ಎದುರು ನಾಲ್ಕಕ್ಕೆ, ಪುತ್ತೂರಿನದ್ದು ಮೂರೂವರೆಗೆ. ಅಕ್ಕ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾಳೆ. "ನಾವು ಓಡಿಹೋದವರು ಅಂತ ಆಗ್ತದೆ ನೀಲಾ," ಎಂದಳು. ಆಗಲಿ ಎಂದೆ. ಅವಳು ಸೆರಗು ಸರಿಮಾಡಿಕೊಂಡು, ಪುತ್ತೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು ಆಸಿಯಮ್ಮನನ್ನು ಕೇಳಿದಳು.

ಇನ್‌ಸ್ಪೆಕ್ಟರರಿಗೆ ಬರೆದ ಅರ್ಜಿಯಲ್ಲಿ ಮೇಣದಬತ್ತಿ ಹಿಡಿದವರು ಯಾರೆಂಬ ಸಾಲಿಗೆ ಜಾಗ ಬಿಟ್ಟಿದ್ದೆ. ಈಗ ಮೂರು ಗಂಟೆ. ನೆಕ್ಕರೆಕೋಡಿಯಲ್ಲಿ ಚೀಲ ಕಟ್ಟುವ ಹೊತ್ತು. ಬಿಟ್ಟ ಜಾಗದಲ್ಲಿ ನನ್ನ ಹೆಸರು ಬರೆಯುತ್ತೇನೆ.

ನೀಲಾವತಿ